ಟೆಂಪೋದ ಬೆನ್ನಿಗೊಂದು ಕಣ್ಣು: ದುಡ್ಡು ಯಾರು ಕೊಡತಕ್ಕದ್ದು?

ಬೆಳಗಿನ ಐದು ಗಂಟೆಗೆ ಮಾಟುಂಗ, ದಾದರ, ಕೋಟೆ, ಅಂಧೇರಿ, ಮುಂಬಯಿಯ ಯಾವ ಭಾಗದಲ್ಲಿಯಾದರೂ ಸರಿ, ಒಂದು ಹೋಟೆಲಿನ ಹಿಂಬದಿಯ ಗಲ್ಲಿಗೆ ಹೋಗಿ ನೋಡಿ. ಮುಂಬಾಗಿಲಲ್ಲಿ ಇನ್ನೂ ಶಟರ್ ಎತ್ತಿರುವುದಿಲ್ಲ. ಹಿಂಬಾಗಿಲಲ್ಲಿ ಮಾತ್ರ ಅರ್ಧ ದಿನದ ಕೆಲಸ ಆಗಲೇ ಮುಗಿದಂತಿರುತ್ತದೆ. ಹಾಲಿನ ಗಾಡಿ, ತರಕಾರಿಯ ಗಾಡಿ, ತೆಂಗಿನಕಾಯಿಯ ಗಾಡಿ, ಗ್ಯಾಸ್ ಸಿಲಿಂಡರಿನ ಗಾಡಿ ಒಂದರ ಹಿಂದೊಂದು ಬರುತ್ತವೆ. ಗಲ್ಲಿಯಲ್ಲಿ ತಿರುಗಿಸಲು ಸ್ಥಳವಿಲ್ಲ. ಆದುದರಿಂದ ಪ್ರತಿಯೊಂದು ಗಾಡಿಯೂ ಹಿಮ್ಮುಖವಾಗಿ ಒಳಗೆ ಬರಬೇಕು, ಇಲ್ಲವೇ ಹಿಮ್ಮುಖವಾಗಿ ಹೊರಗೆ ಹೋಗಬೇಕು. ಅದೇ ಗಲ್ಲಿಯಲ್ಲಿ ನಮ್ಮ ಹುಡುಗನೊಬ್ಬ ನೆಲದ ಮೇಲೆ ಕುಕ್ಕರಗಾಲಲ್ಲಿ ಕುಳಿತು ಮುಸುರೆ ಪಾತ್ರೆ ತಿಕ್ಕುತ್ತಿರುತ್ತಾನೆ. ಇನ್ನೊಬ್ಬ ರಾತ್ರಿಯ ಪಾಳಿ ಮುಗಿಸಿ ಗೋಡೆಯ ಬದಿಯಲ್ಲಿ ಚಾಪೆ ಹಾಸಿ ಮಲಗಿರುತ್ತಾನೆ. ಆ ಹುಡುಗನಿಗೂ ಹಿಂದಕ್ಕೆ ಬರುತ್ತಿರುವ ಗಾಡಿಗೂ ನಡುವೆ ಇರುವ ಹತ್ತು ಅಡಿ ಜಾಗದ ವಿಷಯವಾಗಿ ಎರಡು ಮಾತು ಬರೆಯಬೇಕೆಂದು ಬಹಳ ದಿನಗಳಿಂದ ಮನಸ್ಸಿನಲ್ಲಿತ್ತು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಸರಕು ಸಾಗಿಸುವ ಟೆಂಪೋಗಳಿಗೂ ಪಿಕಪ್ ಗಾಡಿಗಳಿಗೂ ಹಿಂಬದಿಯನ್ನು ತೋರಿಸುವ ಕ್ಯಾಮೆರಾ ಹಾಕಿಸತಕ್ಕದ್ದು. ಅದರ ಖರ್ಚನ್ನು ಗಾಡಿಯ ಧಣಿ ಹೊರತಕ್ಕದ್ದು. ಮತ್ತು ಕ್ಯಾಮೆರಾ ಬಂದಿತೆಂಬ ನೆಪದಿಂದ ಕ್ಲೀನರನನ್ನು ಗಾಡಿಯಿಂದ ಇಳಿಸಕೂಡದು. ಈ ಮೂರರಲ್ಲಿ ಮೊದಲನೆಯದನ್ನು ಎಲ್ಲರೂ ಒಪ್ಪುತ್ತಾರೆ. ಜಗಳವಿರುವುದು ಉಳಿದ ಎರಡರಲ್ಲಿ.

ಹೋಟೆಲಿನವರ, ಗಿರಣಿಯವರ ಪತ್ರಿಕೆಗೆ ಟೆಂಪೋದ ಗೊಡವೆ ಏಕೆ ಎಂದು ಕೇಳುವವರು ಇರಬಹುದು. ಬಂಧುಗಳೇ, ನಮ್ಮ ಮನೆಗಳನ್ನೇ ನೋಡಿಕೊಳ್ಳೋಣ. 1982ರ ಜನವರಿ 18ರಂದು ಗಿರಣಿಗಳ ಮುಷ್ಕರ ಆರಂಭವಾಯಿತು. ಅದಾದ ಮೇಲೆ ಪರೇಲ, ಲಾಲಬಾಗ, ವರಳಿಗಳ ಚಿಮಣಿಗಳು ಒಂದೊಂದಾಗಿ ಆರಿದವು. ತಂದೆ ಮಗ್ಗದ ಮುಂದೆ ನಿಂತ ಮನೆಯಲ್ಲಿ ಮಗ ಏನು ಹಿಡಿದ? ಕೆಲವರು ಹೋಟೆಲಿನ ಟ್ರೇ ಹಿಡಿದರು, ಕೆಲವರು ಸ್ಟೇರಿಂಗ್ ಹಿಡಿದರು. 2005ರಲ್ಲಿ ಟಾಟಾ ಏಸ್ ಎಂಬ ಪುಟ್ಟ ಗಾಡಿ ಬಂದಿತು. ಜನ ಅದಕ್ಕೆ 'ಛೋಟಾ ಹಾಥಿ' ಎಂದು ಹೆಸರಿಟ್ಟರು. ಆಮೇಲೆ ದೋಸ್ತ್ ಬಂದಿತು, ಬೊಲೆರೊ ಪಿಕಪ್ ಎಲ್ಲೆಡೆ ಕಾಣತೊಡಗಿತು. ವಾಶಿಯ ಮಾರುಕಟ್ಟೆಯಿಂದ ಟೊಮೇಟೊ ಹೊತ್ತು ತರುವುದೂ ಭಿವಂಡಿಯ ಗೋದಾಮಿನಿಂದ ಬಟ್ಟೆಯ ಗಂಟು ತರುವುದೂ ಇಂಥ ಗಾಡಿಗಳೇ. ಅಣ್ಣ ಹೋಟೆಲಿನ ಹಿಂಬಾಗಿಲಲ್ಲಿ ಮೂಟೆ ಇಳಿಸಿಕೊಳ್ಳುತ್ತಾನೆ, ತಮ್ಮ ಆ ಮೂಟೆಯ ಗಾಡಿ ಓಡಿಸುತ್ತಾನೆ. ಗಾಡಿಯ ಮುಂದೆ ಕುಳಿತವನೂ ನಮ್ಮವನು, ಗಾಡಿಯ ಹಿಂದೆ ನಿಂತವನೂ ನಮ್ಮವನು.

ಗಾಡಿಯ ಹಿಂದೆ ಇರುವವನು ಚಾಲಕನಿಗೆ ಏಕೆ ಕಾಣುವುದಿಲ್ಲ? ನಿದ್ದೆಗಣ್ಣು, ಉಡಾಫೆ, ಮೊಬೈಲು ಎಂದೆಲ್ಲ ಜನ ಹೇಳುತ್ತಾರೆ. ಅದೂ ಇರಬಹುದು. ಆದರೆ ಎಚ್ಚರಿಕೆಯ ಚಾಲಕನಿಗೂ ಅವನು ಕಾಣುವುದಿಲ್ಲ ಎಂಬುದು ಮುಖ್ಯ ಸಂಗತಿ. ಎಡಬಲದ ಕನ್ನಡಿಗಳು ಗಾಡಿಯ ಪಕ್ಕೆಗಳನ್ನು ತೋರಿಸುತ್ತವೆಯೇ ಹೊರತು ನೇರ ಬೆನ್ನನ್ನಲ್ಲ. ಒಳಗಿನ ನಡುಗನ್ನಡಿಯಲ್ಲಿ ನೋಡೋಣವೆಂದರೆ ಹಿಂದೆ ಎತ್ತರಕ್ಕೆ ಪೇರಿಸಿದ ಕ್ರೇಟುಗಳಿವೆ, ತಾಡಪತ್ರೆ ಇದೆ. ಪೆಟ್ಟಿಗೆಯಂತೆ ಮುಚ್ಚಿದ ಬಾಡಿಯಾದರೆ ಆ ಕನ್ನಡಿ ಇದ್ದೂ ಇಲ್ಲದಂತೆ. ಖಾಲಿ ಗಾಡಿಯಲ್ಲಿಯೂ ಹಿಂಬದಿಯ ಹಲಗೆಯ ಎತ್ತರಕ್ಕಿಂತ ಕೆಳಗೆ, ಗಾಡಿಗೆ ಅಂಟಿದಂತೆ ಇರುವ ನೆಲ ಯಾವ ಕನ್ನಡಿಗೂ ಸಿಕ್ಕದು. ನಿಂತ ಮನುಷ್ಯನ ತಲೆ ಒಂದು ವೇಳೆ ಕಂಡೀತು. ಕುಕ್ಕರಗಾಲಲ್ಲಿ ಕುಳಿತವನು, ಬಗ್ಗಿ ಮೂಟೆ ಎತ್ತುತ್ತಿರುವವನು, ಮಲಗಿದವನು, ಚಿಕ್ಕ ಮಗು, ಇವರು ಕಾಣುವುದಿಲ್ಲ.

ಈ ಮಾತನ್ನು ಲೋಕದಲ್ಲಿ ದೊಡ್ಡ ದನಿಯಲ್ಲಿ ಹೇಳಿದವರು ಅಮೇರಿಕೆಯ ತಂದೆತಾಯಂದಿರು. 2002ರಲ್ಲಿ ಅಲ್ಲಿ ಒಬ್ಬ ಮಕ್ಕಳ ವೈದ್ಯರು ತಮ್ಮ ಮನೆಯ ಅಂಗಳದಲ್ಲಿ ಗಾಡಿಯನ್ನು ಹಿಂದಕ್ಕೆ ತೆಗೆಯುವಾಗ ಅವರ ಎರಡು ವರ್ಷದ ಮಗನೇ ಅದರಡಿಗೆ ಸಿಕ್ಕಿ ತೀರಿಕೊಂಡನು. ಅಂಥ ತಂದೆತಾಯಂದಿರು ಒಟ್ಟುಗೂಡಿ ಹೋರಾಡಿದ್ದರಿಂದ 2008ರಲ್ಲಿ ಆ ಮಗುವಿನ ಹೆಸರಿನಲ್ಲಿಯೇ ಒಂದು ಕಾನೂನು ಆಯಿತು. ಕಾನೂನು ಆದರೇನು, ನಿಯಮ ಬರಬೇಕಲ್ಲ! 2011ಕ್ಕೆ ಬರಬೇಕಾಗಿದ್ದ ನಿಯಮವನ್ನು ಮತ್ತೆ ಮತ್ತೆ ಮುಂದೂಡಿದರು. ಕೊನೆಗೆ ಆ ಕುಟುಂಬಗಳು ಕೋರ್ಟಿಗೆ ಹೋಗಬೇಕಾಯಿತು. 2014ರಲ್ಲಿ ನಿಯಮ ಹೊರಬಿದ್ದಿತು. 2018ರ ಮೇ 1ರ ಮೇಲೆ ತಯಾರಾಗುವ, 10,000 ಪೌಂಡಿಗಿಂತ, ಅಂದರೆ ಸುಮಾರು ನಾಲ್ಕೂವರೆ ಟನ್ನಿಗಿಂತ ಕಡಿಮೆ ತೂಕದ ಪ್ರತಿಯೊಂದು ಹೊಸ ಗಾಡಿಯಲ್ಲಿಯೂ ಹಿನ್ನೋಟದ ವ್ಯವಸ್ಥೆ ಇರತಕ್ಕದ್ದು ಎಂದಾಯಿತು. ಪಿಕಪ್ ಗಾಡಿಗಳೂ ಇದರಲ್ಲಿ ಸೇರಿದವು. ಗಾಡಿಯ ಹಿಂದೆ 10 ಅಡಿ ಅಗಲ, 20 ಅಡಿ ಉದ್ದದ ಜಾಗ ಪರದೆಯಲ್ಲಿ ಕಾಣಬೇಕು, ರಿವರ್ಸ್ ಗೇರಿಗೆ ಹಾಕಿದ ಎರಡು ಸೆಕೆಂಡಿನೊಳಗೆ ಚಿತ್ರ ಬರಬೇಕು ಎಂಬಷ್ಟು ವಿವರವಾಗಿ ಅವರು ಬರೆದರು. ಹೀಗೆ ಹಿಂದಕ್ಕೆ ಬರುವ ಸಣ್ಣ ಗಾಡಿಗಳಿಂದ ತಮ್ಮ ದೇಶದಲ್ಲಿ ವರ್ಷಕ್ಕೆ ಸರಾಸರಿ 210 ಮಂದಿ ಸಾಯುತ್ತಾರೆ, 15,000 ಮಂದಿಗೆ ಗಾಯವಾಗುತ್ತದೆ ಎಂದು ಅವರ ಸಾರಿಗೆ ಇಲಾಖೆ ಆಗ ಲೆಕ್ಕ ಕೊಟ್ಟಿತು. ಸತ್ತವರಲ್ಲಿ ನೂರಕ್ಕೆ 31 ಮಂದಿ ಐದು ವರ್ಷಕ್ಕೆ ಕೆಳಗಿನ ಮಕ್ಕಳು.

ನಮ್ಮ ದೇಶದಲ್ಲಿ 2019ರ ಜುಲೈ 1ರಿಂದ ತಯಾರಾಗುವ ಕಾರುಗಳಿಗೆ, ಹಿಂದೆ ಅಡ್ಡಿ ಇದ್ದರೆ 'ಪೀಂ ಪೀಂ' ಎಂದು ಎಚ್ಚರಿಸುವ ಸೆನ್ಸರು ಕಡ್ಡಾಯವಾಯಿತು. ಕಾರಿನ ಧಣಿಗೆ ಇಷ್ಟು ದಯೆ ತೋರಿಸಿದವರು ಸರಕಿನ ಟೆಂಪೋದವನಿಗೂ ಅದೇ ದಿನ ಅಷ್ಟೇ ದಯೆ ತೋರಿಸಬಹುದಾಗಿತ್ತು. ಕಾರು ದಿನಕ್ಕೆ ಎರಡು ಸಲ ಹಿಂದಕ್ಕೆ ಬಂದರೆ ಟೆಂಪೋ ಇಪ್ಪತ್ತು ಸಲ ಬರುತ್ತದೆ. ಆದರೂ ಕಾನೂನು ಬರಲಿ ಎಂದು ನಾವು ಕಾದು ಕುಳಿತುಕೊಳ್ಳುವ ಅಗತ್ಯವಿಲ್ಲ. ಇದು ವಿಮಾನದ ಯಂತ್ರವಲ್ಲ, ಗ್ಯಾರೇಜಿನ ವಯರಿಂಗ್ ಮಿಸ್ತ್ರಿ ಅರ್ಧ ದಿನದಲ್ಲಿ ಮಾಡಿಕೊಡುವ ಕೆಲಸ. ಎರಡು ಮೂರು ಸಾವಿರ ರೂಪಾಯಿಯ ಸುಮಾರಿಗೆ ಕೆಲಸಕ್ಕೆ ಬರುವ ಕ್ಯಾಮೆರಾ ಮತ್ತು ಪರದೆ ಎರಡೂ ಸಿಗುತ್ತವೆ. ಮಿಸ್ತ್ರಿಯ ಕೂಲಿ ಬೇರೆ.

ಆದರೆ ಕೊಳ್ಳುವವರು ಕೆಲವು ಸಂಗತಿಗಳನ್ನು ತಿಳಿದಿರಬೇಕು. ತಿಳಿಯದೆ ಹೋದರೆ ಅಂಗಡಿಯವನು ಕಾರಿಗೆ ಹಾಕುವುದನ್ನೇ ಟೆಂಪೋಕ್ಕೂ ಕಟ್ಟಿ ಕಳುಹಿಸುತ್ತಾನೆ, ಒಂದು ಮಳೆಗಾಲ ಕಳೆಯುವುದರೊಳಗೆ ಅದು ಕುರುಡಾಗುತ್ತದೆ. ಡಬ್ಬಿಯ ಮೇಲೆ ಐಪಿ ಎಂಬ ಅಕ್ಷರಗಳೂ ಅವುಗಳ ಮುಂದೆ ಅಂಕಿಯೂ ಇರುತ್ತವೆ. ಐಪಿ 67 ಎಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಒಳಗೆ ನೀರು ಹೋಗದು ಎಂದು ಅರ್ಥ. ಮುಂಬಯಿಯ ಜುಲೈ ತಿಂಗಳನ್ನು ಬಲ್ಲವರು ಅದಕ್ಕಿಂತ ಕಡಿಮೆಯದನ್ನು ಮುಟ್ಟಬಾರದು. ಗಾಡಿಯನ್ನು ಪಂಪಿನ ರಭಸದ ನೀರಿನಿಂದ ತೊಳೆಯಿಸುವ ಅಭ್ಯಾಸವಿದ್ದರೆ ಐಪಿ 69ಕೆ ಎಂದು ಬರೆದದ್ದು ಇನ್ನೂ ಒಳ್ಳೆಯದು. ತಂತಿ ಇಲ್ಲದ ಕ್ಯಾಮೆರಾ ಎಂದು ಒಂದು ಬಗೆ ಉಂಟು. ಹಾಕುವುದು ಸುಲಭ ನಿಜ, ಆದರೆ ಅಗ್ಗದವುಗಳಲ್ಲಿ ಚಿತ್ರ ನಡುಗುತ್ತದೆ, ಬೇಕಾದ ಹೊತ್ತಿನಲ್ಲಿ ಮಾಯವಾಗುತ್ತದೆ. ತಗಡಿನ ಬಾಡಿಯ ಗಾಡಿಗೆ ತಂತಿಯದೇ ಸರಿ. ಸಣ್ಣ ಗಾಡಿಗಳದು 12 ವೋಲ್ಟ್, ದೊಡ್ಡ ಲಾರಿಗಳದು 24. ಹನ್ನೆರಡರದ್ದನ್ನು ಇಪ್ಪತ್ತನಾಲ್ಕಕ್ಕೆ ಜೋಡಿಸಿದರೆ ಹೊಗೆ ಬರುತ್ತದೆ.

ಎಲ್ಲಿ ಕೂರಿಸಬೇಕು? ಹೆಚ್ಚಿನವರು ಹಿಂಬದಿಯ ಹಲಗೆಯ ಮೇಲೆ ಕೂರಿಸುತ್ತಾರೆ. ನಮ್ಮ ಗಾಡಿಗಳಿಗೆ ಅದು ನಡೆಯದು. ಉದ್ದದ ಪೈಪೋ ಬಿದಿರೋ ಹೇರಿದಾಗ ಹಲಗೆಯನ್ನು ಕೆಳಗೆ ಬಿಟ್ಟುಕೊಂಡೇ ಓಡಿಸುವುದುಂಟು. ಆಗ ಕ್ಯಾಮೆರಾ ರಸ್ತೆಯನ್ನು ನೋಡುತ್ತಾ ನೇತಾಡುತ್ತದೆ. ಮೂಟೆ ಇಳಿಸುವಾಗ ಬಡಿದು ಒಡೆಯುವ ಭಯವೂ ಇದೆ. ಅಲುಗಾಡದ ಚೌಕಟ್ಟಿನ ಮೇಲೆ, ನಡುಮಧ್ಯದಲ್ಲಿ, ನಂಬರ್ ಪ್ಲೇಟನ್ನೂ ಅದರ ದೀಪವನ್ನೂ ಮರೆಮಾಡದಂತೆ ಕೂರಿಸಬೇಕು. ಮುಚ್ಚಿದ ಬಾಡಿಯಾದರೆ ಬಾಗಿಲಿನ ಮೇಲುಗಡೆ, ಸ್ವಲ್ಪ ಕೆಳಮುಖವಾಗಿ. ಯಾವುದೇ ಆಗಲಿ, ಗಾಡಿಯ ಹಿಂಬದಿಯ ಅಂಚು ಪರದೆಯ ಕೆಳಭಾಗದಲ್ಲಿ ಒಂದಿಷ್ಟು ಕಾಣುತ್ತಿರಬೇಕು. ತನ್ನ ಗಾಡಿ ಎಲ್ಲಿ ಮುಗಿಯಿತೆಂದು ಕಾಣದಿದ್ದರೆ ಗೋಡೆ ಎಷ್ಟು ದೂರವಿದೆಯೆಂದು ಹೇಗೆ ತಿಳಿದೀತು?

ವಯರಿಂಗ್ ಸರಳವಾದದ್ದು. ಇಂಜಿನ್ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಕೀಲಿ ತಿರುಗಿಸಿ ರಿವರ್ಸ್ ಗೇರಿಗೆ ಹಾಕಿದರೆ ಹಿಂದಿನ ಬಿಳಿ ದೀಪ ಉರಿಯುತ್ತದೆ. ಟೆಸ್ಟ್ ಲ್ಯಾಂಪ್ ಹಿಡಿದು ಆ ದೀಪಕ್ಕೆ ಕರೆಂಟು ಬರುವ ತಂತಿಯನ್ನು ಕಂಡುಹಿಡಿಯಬೇಕು. ಕ್ಯಾಮೆರಾದ ಕೆಂಪು ತಂತಿ ಅದಕ್ಕೆ, ಕಪ್ಪು ತಂತಿ ಬಣ್ಣ ಕೆರೆದ ಶುಚಿಯಾದ ಛಾಸಿಗೆ. ಚಿತ್ರವನ್ನು ಮುಂದಕ್ಕೆ ಒಯ್ಯುವುದು ಹಳದಿ ಪಿನ್ನಿನ ಉದ್ದನೆಯ ಕೇಬಲ್. ಅದರ ಜೊತೆಗೇ ತೆಳ್ಳನೆಯ ಕೆಂಪು ತಂತಿಯೊಂದು ಬರುತ್ತದೆ. ರಿವರ್ಸ್ ಬಿದ್ದಿತು, ಎಚ್ಚರಗೊಳ್ಳು ಎಂದು ಪರದೆಗೆ ತಿಳಿಸುವುದು ಅದರ ಕೆಲಸ. ಪರದೆಯ ಕರೆಂಟನ್ನು ಕೀಲಿ ಹಾಕಿದಾಗ ಮಾತ್ರ ಬರುವ ಕಡೆಯಿಂದ, ಒಂದೆರಡು ಆಂಪಿಯರಿನ ಫ್ಯೂಸ್ ಇಟ್ಟು ತೆಗೆದುಕೊಳ್ಳಬೇಕು. ಫ್ಯೂಸ್ ಬೇಡ ಎನ್ನುವ ಮಿಸ್ತ್ರಿಯ ಕೈಯಲ್ಲಿ ಗಾಡಿ ಕೊಡಬೇಡಿ.

ಕೇಬಲಿನ ದಾರಿಯಲ್ಲಿಯೇ ಮಿಸ್ತ್ರಿಯ ಯೋಗ್ಯತೆ ಗೊತ್ತಾಗುವುದು. ಗಾಡಿಯ ಮೂಲ ತಂತಿಗಳು ಹೋದ ಹಾದಿಯಲ್ಲಿಯೇ, ಸುಕ್ಕುಸುಕ್ಕಾದ ಪ್ಲಾಸ್ಟಿಕ್ ಕೊಳವೆಯೊಳಗೆ ಹಾಕಿ, ಅಡಿಗೊಂದರಂತೆ ಕಟ್ಟುತ್ತಾ ಹೋಗಬೇಕು. ಸೈಲೆನ್ಸರಿನಿಂದಲೂ ತಿರುಗುವ ಜಾಯಿಂಟ್ ರಾಡಿನಿಂದಲೂ ದೂರವಿರಬೇಕು. ತಗಡನ್ನು ತೂತು ಮಾಡಿ ದಾಟಿಸುವಲ್ಲಿ ರಬ್ಬರಿನ ಬಳೆ ಹಾಕಬೇಕು, ಇಲ್ಲದಿದ್ದರೆ ತಗಡಿನ ಅಂಚು ಆರು ತಿಂಗಳಲ್ಲಿ ತಂತಿಯನ್ನು ಕೊಯ್ದುಬಿಡುತ್ತದೆ. ಕ್ಯಾಬಿನಿಗೂ ಹಿಂದಿನ ಬಾಡಿಗೂ ನಡುವೆ ತಂತಿಯನ್ನು ಬಿಗಿಯಾಗಿ ಎಳೆಯದೆ ಒಂದು ಗೇಣು ಸಡಿಲ ಬಿಡಬೇಕು, ಹೊಂಡ ಬಿದ್ದ ರಸ್ತೆಯಲ್ಲಿ ಅವೆರಡೂ ಒಂದೇ ರೀತಿ ಕುಲುಕುವುದಿಲ್ಲ. ಕಾರಿನ ಲೆಕ್ಕದಲ್ಲಿ ಬರುವ ಕೇಬಲ್ ಉದ್ದದ ಪಿಕಪ್ಪಿಗೆ ಸಾಲದೆ ಹೋಗಬಹುದು. ಮೊದಲು ಹಗ್ಗ ಹಿಡಿದು ಅಳೆದುಕೊಂಡು ಅಂಗಡಿಗೆ ಹೋಗುವುದು ಜಾಣತನ.

ಹಾಕಿದ ಮೇಲೆ ಗ್ಯಾರೇಜಿನಲ್ಲಿಯೇ ಪರೀಕ್ಷೆ ಮಾಡಬೇಕು. ಒಬ್ಬರನ್ನು ಗಾಡಿಯ ಹಿಂದೆ ಎಡಮೂಲೆಯಲ್ಲಿ ನಿಲ್ಲಿಸಿ. ಅವರು ಪರದೆಯಲ್ಲಿಯೂ ಎಡಗಡೆಗೇ ಕಾಣಬೇಕು. ಬಲಗಡೆ ಕಂಡರೆ ಕ್ಯಾಮೆರಾ ಮುಂಭಾಗಕ್ಕೆ ಹಾಕುವ ರೀತಿಯಲ್ಲಿ ಜೋಡಣೆಯಾಗಿದೆ ಎಂದು ತಿಳಿಯಬೇಕು. ಅನೇಕ ಕ್ಯಾಮೆರಾಗಳಲ್ಲಿ ಅದನ್ನು ಬದಲಿಸಲು ಒಂದು ಸಣ್ಣ ತಂತಿಯ ಕುಣಿಕೆ ಇರುತ್ತದೆ. ಇದನ್ನು ನೋಡದೆ ಗಾಡಿ ಹೊರಗೆ ತಂದರೆ ಎಡಕ್ಕೆ ತಿರುಗಿಸಬೇಕಾದಲ್ಲಿ ಬಲಕ್ಕೆ ತಿರುಗಿಸಿ ಅನಾಹುತವಾದೀತು. ಪರದೆಯ ಮೇಲೆ ಹಸುರು, ಹಳದಿ, ಕೆಂಪು ಗೆರೆಗಳಿರುತ್ತವೆ. ಕೆಂಪು ಎಂದರೆ ಎಷ್ಟು ಅಡಿ? ಅದು ಕ್ಯಾಮೆರಾ ಕೂರಿಸಿದ ಎತ್ತರದ ಮೇಲೆ ಹೋಗುತ್ತದೆ. ಆದುದರಿಂದ ನೆಲದ ಮೇಲೆ ಸುಣ್ಣದ ಹುಡಿಯಿಂದ ಅರ್ಧ ಮೀಟರಿಗೆ, ಒಂದು ಮೀಟರಿಗೆ, ಎರಡು ಮೀಟರಿಗೆ ಗೆರೆ ಎಳೆದು, ಯಾವುದು ಯಾವ ಬಣ್ಣಕ್ಕೆ ಹೊಂದುತ್ತದೆ ಎಂದು ಚಾಲಕ ತಾನೇ ನೋಡಿಕೊಳ್ಳಬೇಕು. ಖಾಲಿ ಗಾಡಿಯಲ್ಲಿ ಒಮ್ಮೆ, ಹೇರಿದ ಗಾಡಿಯಲ್ಲಿ ಒಮ್ಮೆ. ಭಾರಕ್ಕೆ ಹಿಂಭಾಗ ತಗ್ಗಿದಾಗ ಕ್ಯಾಮೆರಾದ ನೋಟವೂ ತಗ್ಗುತ್ತದೆ.

ಈ ಗೆರೆಗಳ ಒಂದು ಮೋಸವನ್ನು ಯಾರೂ ಹೇಳಿಕೊಡುವುದಿಲ್ಲ. ಅವು ನೆಲದ ಲೆಕ್ಕದ ಗೆರೆಗಳು. ಮುಂದಿನ ಲಾರಿಯಿಂದ ಚಾಚಿಕೊಂಡಿರುವ ಕಬ್ಬಿಣದ ಸಲಾಕೆ, ಹೋಟೆಲಿನ ತಗಡಿನ ಮಾಡು, ಗೋಡೆಯಿಂದ ಹೊರಬಂದ ಏರ್‌ಕಂಡೀಶನರಿನ ಪೆಟ್ಟಿಗೆ, ಇವು ನೆಲಕ್ಕೆ ಮುಟ್ಟಿಕೊಂಡಿರುವುದಿಲ್ಲವಷ್ಟೆ. ಪರದೆಯಲ್ಲಿ ಅವು ಹಸುರು ಗೆರೆಯಾಚೆ ಇರುವಂತೆ ಕಂಡು, ನಿಜಕ್ಕೂ ಗಾಡಿಯ ನೆತ್ತಿಗೆ ತಾಗುವಷ್ಟು ಹತ್ತಿರವಿರುತ್ತವೆ. ಅಗಲವಾಗಿ ನೋಡುವ ಈ ಬಗೆಯ ಮಸೂರದಲ್ಲಿ ಎಲ್ಲವೂ ಇರುವುದಕ್ಕಿಂತ ದೂರವಾಗಿಯೇ ತೋರುತ್ತದೆ. ಆದುದರಿಂದ ಅಭ್ಯಾಸವಾಗುವ ತನಕ ಪರದೆಯಲ್ಲಿ ಎರಡು ಮೊಳ ಉಳಿದಿದೆ ಎನ್ನಿಸಿದರೆ ಒಂದೇ ಮೊಳ ಉಳಿದಿದೆ ಎಂದು ತಿಳಿದು ನಿಲ್ಲಿಸಬೇಕು.

ಉಪಯೋಗಿಸುವ ಕ್ರಮ ಹೀಗೆ. ಮೊದಲು ಇಳಿದು ಒಂದು ಸುತ್ತು ನೋಡುವುದು. ಹತ್ತಿ ಕುಳಿತು ರಿವರ್ಸ್ ಹಾಕಿ, ಚಿತ್ರ ಬರುವ ತನಕ ಕ್ಲಚ್ ಬಿಡದಿರುವುದು. ಅವಸರದ ಚಾಲಕ ಆ ಎರಡು ಸೆಕೆಂಡಿನಲ್ಲಿಯೇ ಎರಡು ಅಡಿ ಹಿಂದೆ ಬಂದಿರುತ್ತಾನೆ. ಆಮೇಲೆ ಪರದೆ, ಎಡಗನ್ನಡಿ, ಬಲಗನ್ನಡಿ, ಮತ್ತೆ ಪರದೆ ಎಂದು ಕಣ್ಣು ಸುತ್ತುತ್ತಿರಬೇಕು. ಸಿನೆಮಾ ನೋಡಿದಂತೆ ಪರದೆಯನ್ನೇ ನೋಡುತ್ತಾ ಕುಳಿತರೆ, ಸ್ಟೇರಿಂಗ್ ತಿರುಗಿಸಿದಾಗ ಗಾಡಿಯ ಮೂತಿ ಪಕ್ಕಕ್ಕೆ ಬೀಸಿ ನಿಂತವರಿಗೆ ಬಡಿಯುವುದು ಯಾರಿಗೆ ಕಾಣಬೇಕು? ಹಿಂದಿನ ಕಣ್ಣು ಮುಂದಿನ ಮೂಲೆಯನ್ನು ನೋಡದು. ಪಕ್ಕದಿಂದ ಒಮ್ಮೆಲೆ ನುಗ್ಗುವ ಸ್ಕೂಟರನ್ನು ಅದು ಕೊನೆಯ ಗಳಿಗೆಯಲ್ಲಿ ಮಾತ್ರ ತೋರಿಸುತ್ತದೆ. ಮಳೆಯ ಹನಿ, ಕೆಸರು, ಎದುರು ಬಿಸಿಲು, ಕತ್ತಲು, ಪ್ರತಿಯೊಂದೂ ಅದರ ದೃಷ್ಟಿಯನ್ನು ಮಂಕು ಮಾಡುತ್ತದೆ. ಪ್ರತಿ ಖೇಪಿಗೆ ಮೊದಲು ಒದ್ದೆ ಬಟ್ಟೆಯಿಂದ ಒರೆಸುವುದು ರೂಢಿಯಾಗಬೇಕು. ಇನ್ನು 2022ರಿಂದ ಟಾಟಾ ಏಸ್‌ನಲ್ಲಿಯೂ ಬ್ಯಾಟರಿಯಲ್ಲಿ ಓಡುವ ಬಗೆ ಬಂದಿದೆ. ಇಂಥವುಗಳಿಗೆ ಡೀಸಲಿನ ಗುಡುಗಿಲ್ಲ. ಸದ್ದು ಕೇಳಿ ಎದ್ದು ಸರಿಯುತ್ತಿದ್ದವನಿಗೆ ಆ ಸೂಚನೆಯೂ ಕಡಿಮೆಯಾಯಿತು.

ಈಗ ಕ್ಲೀನರನ ಮಾತು.

'ಆನೇ ದೋ, ಆನೇ ದೋ, ಬಸ್!' ಈ ಕೂಗನ್ನು ಕೇಳದವರು ಮುಂಬಯಿಯಲ್ಲಿಲ್ಲ. ಬಾಡಿಯ ಮೇಲೆ ಅಂಗೈಯಿಂದ ತಟ್ಟಿ ಗಾಡಿ ನಡೆಸುವವನು ಅವನು. ಸಂಬಳ ಕಡಿಮೆ, ಹೆಸರಿಲ್ಲ, ಲೈಸೆನ್ಸು ಇಲ್ಲ. ಆದರೆ ಗಾಡಿಯ ಬೆನ್ನಿನ ಕಣ್ಣು ಇಷ್ಟು ಕಾಲ ಅವನೇ ಆಗಿದ್ದನು. 2025ರ ಜುಲೈಯಲ್ಲಿ ಮಹಾರಾಷ್ಟ್ರದ ಸಾಗಣೆದಾರರು ಗಾಡಿ ನಿಲ್ಲಿಸಿ ಮುಷ್ಕರ ಹೂಡಿದಾಗ, ಭಾರಿ ವಾಹನಗಳಲ್ಲಿ ಕ್ಲೀನರ್ ಇರಲೇಬೇಕೆಂಬ ನಿಯಮವನ್ನು ತೆಗೆದುಹಾಕಬೇಕು ಎಂಬುದೂ ಅವರ ಬೇಡಿಕೆಗಳಲ್ಲಿ ಒಂದಾಗಿತ್ತು. ಅದು ದೊಡ್ಡ ಲಾರಿಗಳ ಮಾತು, ಒಪ್ಪೋಣ. ಆದರೆ ದೊಡ್ಡ ಧಣಿ ಕಲಿತದ್ದನ್ನು ಸಣ್ಣ ಧಣಿ ಕಲಿಯಲು ಎಷ್ಟು ದಿನ ಬೇಕು? ಎರಡು ಸಾವಿರ ರೂಪಾಯಿಯ ಕ್ಯಾಮೆರಾ ಒಂದು ಸಲ, ಕ್ಲೀನರನ ಸಂಬಳ ಪ್ರತಿ ತಿಂಗಳು. ಈ ಲೆಕ್ಕ ಯಾರಿಗೂ ತಿಳಿಯುತ್ತದೆ.

ಅದು ತಪ್ಪು ಲೆಕ್ಕ ಎಂದು ನಾನು ಹೇಳುತ್ತೇನೆ, ಬರಿಯ ಕರುಣೆಯಿಂದಲ್ಲ. ಅಮೇರಿಕೆಯ ವಿಮಾ ಕಂಪನಿಗಳು ನಡೆಸುವ ರಸ್ತೆ ಸುರಕ್ಷಾ ಸಂಸ್ಥೆಯವರು ಕ್ಯಾಮೆರಾ ಇರುವ ಕಾರುಗಳನ್ನೂ ಇಲ್ಲದವುಗಳನ್ನೂ ಹೋಲಿಸಿ ನೋಡಿದರು. ಕ್ಯಾಮೆರಾದಿಂದ ಹಿಮ್ಮುಖದ ಅಪಘಾತಗಳು ಕಡಿಮೆಯಾದದ್ದು ನೂರಕ್ಕೆ ಸುಮಾರು 17. ಹದಿನೇಳು ಸಣ್ಣದಲ್ಲ, ಒಂದು ಮನೆಯ ದೀಪ ಉಳಿದರೂ ಅದು ದೊಡ್ಡದೇ. ಆದರೆ ಉಳಿದ ಎಂಬತ್ತಮೂರು? ಪರದೆ ತೋರಿಸುತ್ತದೆ, ಕೂಗಿ ಹೇಳುವುದಿಲ್ಲ. ಮಲಗಿದವನನ್ನು ಎಬ್ಬಿಸುವುದಿಲ್ಲ. ಗಲ್ಲಿಯ ಬಾಯಿಯಲ್ಲಿ ನಿಂತು ಸ್ಕೂಟರುಗಳನ್ನು ತಡೆಯುವುದಿಲ್ಲ. ತನ್ನ ಮುಖದ ಕೆಸರನ್ನು ತಾನೇ ಒರೆಸಿಕೊಳ್ಳುವುದೂ ಅದಕ್ಕೆ ತಿಳಿಯದು.

ಮತ್ತೊಂದು ಮಾತನ್ನು ಕ್ಲೀನರ್ ಬಂಧುಗಳೇ ಕಿವಿಗೊಟ್ಟು ಕೇಳಬೇಕು. ಕ್ಯಾಮೆರಾ ಅವರ ವೈರಿಯಲ್ಲ. ಹಿಂದಕ್ಕೆ ಬರುವ ಗಾಡಿಯ ಬೆನ್ನಿಗೇ ನಿಂತು, ತಾನೂ ಹಿಂದೆ ಹಿಂದೆ ಹೆಜ್ಜೆಯಿಡುತ್ತಾ ಕೈಬೀಸುವವನು ಅವನು. ಕಾಲಿಗೆ ಕಲ್ಲು ತೊಡರಿದರೆ, ಬೆನ್ನಿಗೆ ಗೋಡೆ ಬಂದರೆ ಮೊದಲು ಅಪ್ಪಚ್ಚಿಯಾಗುವವನೂ ಅವನೇ. ಚಾಲಕನಿಗೆ ಅವನು ಕಾಣುತ್ತಿರುವುದಿಲ್ಲ, ದನಿ ಮಾತ್ರ ಕೇಳುತ್ತಿರುತ್ತದೆ. ದನಿ ನಿಂತದ್ದು ಏಕೆಂದು ಗೊತ್ತಾಗುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಆದುದರಿಂದ ಕ್ಲೀನರ್ ನಿಲ್ಲಬೇಕಾದದ್ದು ನೇರ ಹಿಂದೆ ಅಲ್ಲ. ಚಾಲಕನ ಬಲಗನ್ನಡಿಯಲ್ಲಿ ತನ್ನ ಮುಖ ಕಾಣುವಂತೆ, ಬಲಮೂಲೆಯಿಂದ ಹೊರಗೆ, ಗೋಡೆಗೂ ಗಾಡಿಗೂ ನಡುವೆ ಸಿಕ್ಕಿಕೊಳ್ಳದ ಕಡೆ. ಸನ್ನೆ ಮಾಡುವವನು ಒಬ್ಬನೇ ಇರಬೇಕು. ಹೋಟೆಲಿನ ಹುಡುಗ, ವಾಚಮನ್, ದಾರಿಹೋಕ ಎಲ್ಲರೂ ಕೂಗತೊಡಗಿದರೆ ಚಾಲಕ ಯಾರ ಮಾತು ಕೇಳಬೇಕು? ಕನ್ನಡಿಯಲ್ಲಿ ಕ್ಲೀನರ್ ಕಾಣದಾದರೆ ಗಾಡಿ ಅಲ್ಲಿಗೇ ನಿಲ್ಲಬೇಕು. ನಡುವಿನ ಕುರುಡು ಜಾಗವನ್ನು ಕ್ಯಾಮೆರಾ ನೋಡಲಿ, ಪಕ್ಕ ಮತ್ತು ಬೀದಿಯನ್ನು ಕ್ಲೀನರ್ ನೋಡಲಿ. ಆಗ ಅವನ ಜೀವವೂ ಉಳಿಯುತ್ತದೆ, ಕೆಲಸವೂ ಉಳಿಯುತ್ತದೆ.

ಖರ್ಚಿನ ಪ್ರಶ್ನೆ ಕೊನೆಗೆ ಬಂದಿತು. ಉಪನಗರದ ಒಬ್ಬ ಧಣಿ, ಹೆಸರು ಬೇಡ, ತನ್ನ ಗಾಡಿಗೆ ಕ್ಯಾಮೆರಾ ಹಾಕಿಸಿ ಅದರ ಹಣವನ್ನು ಚಾಲಕನ ಸಂಬಳದಿಂದ ತಿಂಗಳಿಗಿಷ್ಟು ಎಂದು ಮುರಿದುಕೊಂಡದ್ದನ್ನು ನಾನು ಬಲ್ಲೆ. 'ಲಾಭ ನಿನಗೇ ಅಲ್ಲವೇ? ಜೈಲಿಗೆ ಹೋಗುವವನು ನೀನು' ಎಂಬುದು ಅವನ ವಾದ. ವಾದದ ಎರಡನೆಯ ಭಾಗ ನಿಜ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೆಯ ವಿಧಿಯ ಮೊದಲ ಉಪವಿಧಿಯಂತೆ, ಅಲಕ್ಷ್ಯದಿಂದ ಸಾವು ಸಂಭವಿಸಿದರೆ ಐದು ವರ್ಷದ ತನಕ ಸೆರೆಮನೆ. ಹಳೆಯ ದಂಡಸಂಹಿತೆಯಲ್ಲಿ ಅದು ಎರಡು ವರ್ಷದ ತನಕ ಇತ್ತು. ಅಪಘಾತ ಮಾಡಿ ತಿಳಿಸದೆ ಓಡಿಹೋದವರಿಗೆ ಹತ್ತು ವರ್ಷ ಎಂಬ ಎರಡನೆಯ ಉಪವಿಧಿಯ ವಿರುದ್ಧ 2024ರ ಜನವರಿಯಲ್ಲಿ ದೇಶದ ಚಾಲಕರೆಲ್ಲ ಗಾಡಿ ನಿಲ್ಲಿಸಿದ್ದರು. ಅದನ್ನು ಬಿಟ್ಟು ಉಳಿದದ್ದನ್ನು ಜಾರಿಗೆ ತಂದರು. ಶಿಕ್ಷೆ ಚಾಲಕನಿಗೆ ಹೆಚ್ಚಿತು. ಆದರೆ ಅವನು ಹಿಂದಕ್ಕೆ ನೋಡುವ ಸಾಧನವಿಲ್ಲದ ಗಾಡಿಯನ್ನು ಕೊಟ್ಟವನಿಗೆ ಏನಾಯಿತು?

ಚಾಲಕನಿಗೆ ಬ್ರೇಕಿನ ಲಾಭವೂ ಉಂಟು, ದೀಪದ ಲಾಭವೂ ಉಂಟು. ಹಾಗೆಂದು ಬ್ರೇಕಿನ ಖರ್ಚನ್ನು ಅವನ ಸಂಬಳದಿಂದ ಮುರಿಯುತ್ತಾರೆಯೇ? ಗಿರಣಿಯ ಯಂತ್ರಕ್ಕೆ ಕೈ ಸಿಕ್ಕದಂತೆ ಹಾಕುವ ಕಬ್ಬಿಣದ ಜಾಳಿಗೆಯನ್ನು ನೇಕಾರನು ತನ್ನ ಪಗಾರದಿಂದ ಕೊಂಡು ತರಬೇಕೆಂದು ಹಿಂದೆ ಯಾರೂ ಹೇಳಲಿಲ್ಲ. ಕ್ಯಾಮೆರಾ ಗಾಡಿಯ ಅಂಗ, ಗಾಡಿ ಧಣಿಯದು. ಚಾಲಕ ನಾಳೆ ಕೆಲಸ ಬಿಟ್ಟರೆ ಅದು ಗಾಡಿಯಲ್ಲಿಯೇ ಉಳಿಯುತ್ತದೆ.

ಸ್ವಂತ ಗಾಡಿ ಇಟ್ಟು ತಾನೇ ಓಡಿಸುವ ಬಡ ಚಾಲಕನ ಪಾಡು ಬೇರೆ. ಬ್ಯಾಂಕಿನ ಕಂತು ಕಟ್ಟುವುದರಲ್ಲಿಯೇ ಅವನ ಉಸಿರು ಹೋಗುತ್ತಿರುತ್ತದೆ. ಅವನನ್ನು ಧಣಿ ಎಂದು ಕರೆದು ಗದರಿಸುವುದು ನ್ಯಾಯವಲ್ಲ. ದಿನವೂ ಅವನ ಗಾಡಿಯನ್ನೇ ಕರೆಸಿಕೊಳ್ಳುವ ಹೋಟೆಲಿನ ಯಜಮಾನರು ಬಾಡಿಗೆಯ ಲೆಕ್ಕದಲ್ಲಿ ಮುಂಗಡವಾಗಿ ಒಂದಿಷ್ಟು ಕೊಟ್ಟರೆ ಅವರಿಗೇನೂ ನಷ್ಟವಿಲ್ಲ, ಆ ಗಾಡಿ ಹಿಂದಕ್ಕೆ ಬರುವುದು ಅವರದೇ ಕೆಲಸದವರ ಮೇಲೆ. ಮುಂಬಯಿಯ ನಮ್ಮ ಸಹಕಾರಿ ಸಂಘಗಳು ಮದುವೆಗೆ, ಮನೆಗೆ, ಬಂಗಾರದ ಮೇಲೆ ಸಾಲ ಕೊಡುತ್ತವೆ. ಇಂಥ ಮೂರು ಸಾವಿರ ರೂಪಾಯಿಗೂ ಒಂದು ಅರ್ಜಿ ತೆರೆಯಲಿ.

ಕೆಲವು ಚಾಲಕರಿಗೆ ಇನ್ನೊಂದು ಸಂಶಯವಿದೆ. ಧಣಿ ಇದರಿಂದ ನಮ್ಮನ್ನು ಕಾವಲು ಕಾಯುತ್ತಾನೆಯೇ ಎಂದು ಕೇಳುತ್ತಾರೆ. ರಿವರ್ಸ್ ಹಾಕಿದಾಗ ಮಾತ್ರ ಎಚ್ಚರಗೊಳ್ಳುವ ಸಾಮಾನ್ಯ ಕ್ಯಾಮೆರಾ ಯಾವ ಚಿತ್ರವನ್ನೂ ಕೂಡಿಡುವುದಿಲ್ಲ, ಯಾರಿಗೂ ಕಳುಹಿಸುವುದಿಲ್ಲ. ಓಡುವ ಹೊತ್ತಿಗೆಲ್ಲ ಚಿತ್ರ ತೆಗೆದು ಇಟ್ಟುಕೊಳ್ಳುವುದು ಬೇರೆಯೇ ಸಾಮಾನು. ಅಂಗಡಿಯಲ್ಲಿ ಕೇಳಿ ತಿಳಿದುಕೊಳ್ಳಿ.

ಹೋಟೆಲಿನಲ್ಲಿ ದುಡಿಯುವ ಬಂಧುಗಳು ತಮ್ಮ ಯಜಮಾನರಲ್ಲಿ ಕೇಳಬಹುದಾದದ್ದು ಇದಕ್ಕಿಂತ ಅಗ್ಗದ್ದು: ಹಿಂಬಾಗಿಲ ಗಲ್ಲಿಗೆ ಒಂದು ಒಳ್ಳೆಯ ಬಲ್ಬು, ಗಾಡಿ ಇದಕ್ಕಿಂತ ಒಳಗೆ ಬರಕೂಡದೆಂದು ನೆಲದ ಮೇಲೆ ಒಂದು ಬಿಳಿಯ ಪಟ್ಟೆ, ಪಾತ್ರೆ ತೊಳೆಯುವವನಿಗೆ ಆ ಪಟ್ಟೆಯಿಂದ ಈಚೆಗೆ ಜಾಗ. ಕತ್ತಲೆಯಲ್ಲಿ ಎಂಥ ಕ್ಯಾಮೆರಾವೂ ಅರೆಗುರುಡು. ಇನ್ನು ಚಾಲಕರು ಕ್ಯಾಮೆರಾ ಹಾಕಿಸಿಕೊಂಡ ದಿನ ರಸೀದಿಯನ್ನು ಧಣಿಯ ಹೆಸರಿಗೇ ಬರೆಯಿಸಲಿ, ಗ್ಯಾರಂಟಿ ಚೀಟಿಯನ್ನು ಗಾಡಿಯ ಕಾಗದಪತ್ರಗಳ ಜೊತೆಗೆ ಇಡಲಿ. ಒಡೆದರೆ ಯಾರು ರಿಪೇರಿ ಮಾಡಿಸತಕ್ಕದ್ದು ಎಂಬ ಜಗಳ ಆ ಚೀಟಿಯಿಂದಲೇ ತೀರುತ್ತದೆ.